ಬಂಡೆಯ ಮೇಲಿನ ಮೂರನೆಯ ಸಾಲು

ಹಬೆಯೂರು,
ದೊಡ್ಡ ಬಾವಿ ತಣ್ಣಗಾದ ಮರುವರ್ಷ, ಬಾರ್ಲಿ ಕೊಯ್ಲಿನ ತಿಂಗಳು.
ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನೂರ ಅರವತ್ತೆಂಟನೆಯ ಇಸವಿ ಇರಬೇಕು.

ಹಿರಿಯೂರಿನ ಪಲ್ಲವಿ ಮತ್ತು ತಿಪ್ಪೇಶ ಅವರಿಗೆ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇದನ್ನು ನಾನು ಕಲಿತದ್ದು ಅಜ್ಜಿಯಿಂದ, ಒಲೆಯ ಮುಂದೆ. ಶಾಲೆಯಲ್ಲಿ ಕಲಿತದ್ದು ಇಲ್ಲಿಯ ಭಾಷೆ. ಈಗ ಊರಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಹೋದ ತಿಂಗಳವರೆಗೆ ಇಬ್ಬರಿದ್ದೆವು.

ನಿಮ್ಮನ್ನು ಹೇಗೆ ಕರೆಯಬೇಕೆಂದು ಗೊತ್ತಾಗಲಿಲ್ಲ. ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು. ಆದರೆ ಇಲ್ಲಿಯ ಬಂಡೆಯ ಮೇಲೆ ನೀವು ಕೊರೆದ ಅಕ್ಷರ ನೋಡಿದರೆ ಹೊಸದಾಗಿ ಮದುವೆಯಾದವರ ಹಾಗೆ ಕಾಣುತ್ತದೆ. ನೀವು ಇಸವಿಯನ್ನೂ ಕೊರೆದಿದ್ದಿರಿ, ಅದರ ಕೊನೆಯ ಅಂಕಿಯ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ. ಎರಡು, ಸೊನ್ನೆ, ಎರಡು, ಆಮೇಲೆ ಏನೂ ಇಲ್ಲ. ಆದ್ದರಿಂದ ಈ ಕಾಗದ ಮುಟ್ಟುವಾಗ ನೀವು ಪ್ರವಾಸ ಮುಗಿಸಿದ್ದೀರೋ, ಇನ್ನೂ ಚೀಲ ಕಟ್ಟುತ್ತಿದ್ದೀರೋ ನನಗೆ ತಿಳಿಯದು. ಕಟ್ಟುತ್ತಿದ್ದರೆ ದಯವಿಟ್ಟು ಕೊನೆಯವರೆಗೂ ಓದಿ.

ನಾವಿರುವುದು ನೀವು ಲಡಾಖ್ ಎನ್ನುವ ಸೀಮೆಯಲ್ಲಿ. ಬಯಲಿನಲ್ಲಿ ಬೇಸಿಗೆ ಬದುಕುವ ಕಾಲವಲ್ಲದೆ ಹೋದಾಗ ನಮ್ಮ ಹಿರಿಯರು ಮೇಲಕ್ಕೆ ಬಂದರು. ಇಲ್ಲಿ ಉರಿಸಲು ಕಟ್ಟಿಗೆಯಿಲ್ಲ. ನೆಲವನ್ನು ಕೊರೆದು ಒಳಗಿನ ಹಬೆಯನ್ನು ಎಳೆದು, ಅದರಿಂದ ಮನೆ ಕಾಯಿಸಿ, ದೀಪ ಹಚ್ಚಿ, ಗಾಜಿನ ತೋಟದಲ್ಲಿ ಸೊಪ್ಪು ಬೆಳೆಯುತ್ತೇವೆ. ಇಂಥ ಊರುಗಳಿಗೆ ಹಬೆಯೂರು ಎಂದೇ ಹೆಸರು. ಒಂದು ಬಾವಿ ತಣ್ಣಗಾದರೆ ಇನ್ನೊಂದನ್ನು ಕೊರೆಯುತ್ತೇವೆ, ವರ್ಷಗಳನ್ನೂ ಬಾವಿಗಳಿಂದಲೇ ಎಣಿಸುತ್ತೇವೆ. ಎಲ್ಲೆಲ್ಲೂ ಕೊಳೆತ ಮೊಟ್ಟೆಯ ವಾಸನೆ. ಹುಟ್ಟಿದ ಮಗುವಿನ ತಲೆಯಲ್ಲೂ ಅದೇ ವಾಸನೆ.

ಆ ವಾಸನೆಗೆ ನಾವು ಹೆದರುವುದಿಲ್ಲ. ಹೆದರುವುದು ತಳಗಾಳಿಗೆ. ಅದು ನೆಲದ ಬಿರುಕಿನಿಂದ ಬಂದು ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದರಲ್ಲಿ ಮಲಗಿದವರು ಏಳುವುದಿಲ್ಲ. ಆದ್ದರಿಂದ ಎಂಥ ತಗ್ಗಿಗಾದರೂ ಕಾಲಿಡುವ ಮೊದಲು ಕೋಲಿನ ತುದಿಗೆ ದೀಪ ಕಟ್ಟಿ ಇಳಿಸುತ್ತೇವೆ. ಉರಿದರೆ ಇಳಿಯುತ್ತೇವೆ, ಆರಿದರೆ ದೂರ ಹೋಗುತ್ತೇವೆ. ನಡೆಯಲು ಬಂದ ಮಗುವಿಗೆ ಮೊದಲು ಕಲಿಸುವುದು ಇದನ್ನೇ. ನನ್ನ ಗಂಡ ಓಬಳೇಶ ಬಾವಿಯ ಕೆಲಸದವನು. ಮನೆಯಲ್ಲಿ ಮಂಚದ ಕೆಳಗಿನ ಚಪ್ಪಲಿ ಹುಡುಕಲೂ ದೀಪ ಇಳಿಸುವ ಆಸಾಮಿ ಎಂದು ನಾನು ಗೇಲಿ ಮಾಡುತ್ತಿದ್ದೆ.

ಊರಿಗೆ ಎರಡು ಗೂಡುಬಂಡಿಗಳಿವೆ. ನೀವು ಕ್ಯಾಂಪರ್‌ವ್ಯಾನ್ ಎನ್ನುತ್ತಿದ್ದದ್ದು. ಒಳಗೇ ಹಾಸಿಗೆ, ಪಾತ್ರೆಯ ಗೂಡು, ಮಡಚುವ ಮೇಜು. ಮಾಡಿನ ಮೇಲೆ ಬಿಸಿಲುಹಲಗೆ, ಅದರಿಂದಲೇ ಬಂಡಿ ಓಡುತ್ತದೆ. ಪ್ರತಿ ಗಂಡಹೆಂಡಿರಿಗೂ ಬಾಳಿನಲ್ಲಿ ಒಂದು ಸಲ, ಒಂದು ಬೇಸಿಗೆ, ಚೀಟಿ ಎತ್ತಿ ಬಂಡಿ ಕೊಡುತ್ತಾರೆ. ಎಲ್ಲಿಗಾದರೂ ಹೋಗಿ, ಯಾವ ಕೆಲಸವನ್ನೂ ಮಾಡದೆ ಬರಬೇಕು, ಅಷ್ಟೇ. ನಮ್ಮ ಚೀಟಿ ಬಂದದ್ದು ಇಬ್ಬರ ತಲೆಯೂ ನೆರೆತ ಮೇಲೆ. ಈಗ ಕೊಟ್ಟಿದ್ದಾರೆ, ಮಂಡಿ ಮಡಚೋಕಾಗದ ಕಾಲಕ್ಕೆ ಹನಿಮೂನು ಎಂದು ಓಬಳೇಶ ಊರೆಲ್ಲ ಹೇಳಿಕೊಂಡು ತಿರುಗಿದ. ಹನಿಮೂನು ಎಂಬ ಮಾತು ಅವನಿಗೆ ಅವನ ಅಜ್ಜಿಯಿಂದ ಬಂದದ್ದು. ಅರ್ಥ ಕೇಳಿದರೆ ಏನೋ ಸಿಹಿ ತಿಂಡಿ ಇರಬೇಕು ಎನ್ನುತ್ತಿದ್ದ.

ಒಳ್ಳೆಯ ದಿನಗಳು ಅವು. ಅದನ್ನೂ ನಿಮಗೆ ಹೇಳಬೇಕು. ಬಿಳಿ ಉಪ್ಪು ಕಟ್ಟಿದ ಕಣಿವೆಗಳಲ್ಲಿ, ಹಳದಿ ಮಣ್ಣು ಗುಳುಗುಳು ಕುದಿಯುವ ಹೊಂಡಗಳ ಪಕ್ಕದಲ್ಲಿ ಬಂಡಿ ನಿಲ್ಲಿಸಿದೆವು. ಬುಗ್ಗೆಯ ನೀರಿನಲ್ಲಿ ಬಟ್ಟೆ ಒಗೆದು ಬಿಸಿ ಕಲ್ಲಿನ ಮೇಲೆ ಒಣಗಿಸಿದೆವು. ಬಾರ್ಲಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬುಗ್ಗೆಗೆ ಇಳಿಬಿಟ್ಟರೆ ಬೇಯಲು ಅರ್ಧ ದಿನ ಬೇಕು. ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಕಾಳು ಬೇಗ ಬೇಯುವುದಿಲ್ಲ. ಕಾಯುತ್ತ ಕೂತಿರುವಾಗ ಅವನು ನನ್ನ ಕಾಲು ಒತ್ತುತ್ತಿದ್ದ. ಮನೆಯಲ್ಲಿದ್ದಾಗ ಒಮ್ಮೆಯೂ ಒತ್ತಿದವನಲ್ಲ. ಎಲ್ಲಿ ನಿಂತರೂ ದೀಪ ಇಳಿಸುತ್ತಿದ್ದ.

ಹಾಗೆ ತಿರುಗುತ್ತ ಒಂದು ಮಧ್ಯಾಹ್ನ ನಿಮ್ಮ ಬಂಡೆಯ ಹತ್ತಿರ ಬಂದೆವು. ನಾನು ಬಂಡಿಯ ಮೇಲೆ ಹತ್ತಿ ಬಿಸಿಲುಹಲಗೆಯ ಧೂಳು ಒರೆಸುತ್ತಿದ್ದೆ. ಕೆಳಗಿನಿಂದ ಅವನು ನನ್ನನ್ನು ಕೂಗಿದ ಧ್ವನಿ ಬೇರೆಯಾಗಿತ್ತು. ಬಗ್ಗಿ ನೋಡಿದರೆ ಬಂಡೆಯ ಮುಂದೆ ನಿಂತು, ಒಂದೊಂದು ಅಕ್ಷರದ ಮೇಲೂ ಬೆರಳಾಡಿಸುತ್ತ, ಒಂದನೇ ತರಗತಿಯ ಮಗುವಿನ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ಮೊದಲ ಸಾಲು, ಪಲ್ಲವಿ – ತಿಪ್ಪೇಶ. ಎರಡನೆಯ ಸಾಲು, ಹಿರಿಯೂರು ಮತ್ತು ಆ ಮುರಿದ ಇಸವಿ. ಮೂರನೆಯ ಸಾಲು: ಇಲ್ಲಿ ವಾಸನೆ ಇಲ್ಲ, ನೆಲ ಬೆಚ್ಚಗಿದೆ, ಒಳ್ಳೆ ನಿದ್ದೆ ಬಂತು.

ನಿಮಗೆ ಇದು ಹೇಗೆ ಅರ್ಥವಾಗಬೇಕೋ ಗೊತ್ತಿಲ್ಲ. ನೀವು ಎಲ್ಲಿ ನೋಡಿದರೂ ಕನ್ನಡ ಇದ್ದ ಊರಿನವರು. ನಾವಿಬ್ಬರೂ ನಮ್ಮ ಮನೆಯ ಹೊರಗೆ ಕನ್ನಡದ ಒಂದು ಅಕ್ಷರವನ್ನೂ ಅದುವರೆಗೆ ಕಂಡಿರಲಿಲ್ಲ. ನಾನು ಇಳಿದು ಬಂದು ಮುಟ್ಟಿದೆ. ಯಾರೂ ಇಲ್ಲದ ಕಣಿವೆಯಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದ ಹಾಗಾಯಿತು. ಓಬಳೇಶನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಿರಿಯೂರಿನವರೆಂದರೆ ನಮ್ಮ ಪೈಕಿಯೇ ಎಂದ. ಹೆಂಡತಿಯ ಹೆಸರು ಮೊದಲು ಬರೆದಿದ್ದಾನೆ, ಈ ತಿಪ್ಪೇಶ ಬದುಕೋದು ಗೊತ್ತಿರೋ ಗಂಡಸು ಎಂದ. ಬಂಡೆಯ ಕೆಳಗಿನ ತಗ್ಗಿನಲ್ಲಿ ನಿಜವಾಗಿಯೂ ವಾಸನೆ ಇರಲಿಲ್ಲ. ಬಾರ್ಲಿಯ ಗಂಟನ್ನು ಮೇಲಿನ ಬುಗ್ಗೆಗೆ ಬಿಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು, ಬೇಯುವ ತನಕ ಅಲ್ಲೊಂದು ನಿದ್ದೆ ತೆಗೆಯುತ್ತೇನೆ ಎಂದ. ನಾನು ಮತ್ತೆ ಬಂಡಿ ಹತ್ತುತ್ತಿದ್ದೆ.

"ದೀಪ ಇಳಿಸಿದ್ರಾ?" ಎಂದು ಕೇಳಿದೆ.

"ದೀಪ ಯಾಕೆ ಹೊನ್ನಿ, ಅಕ್ಷರ ಇದೆಯಲ್ಲ," ಎಂದ. "ನಮ್ಮೋರು ಬರೆದಿರೋದು. ಸುಳ್ಳು ಬರೀತಾರಾ?"

ನಾನೂ ನಂಬಿದೆ. ನೀವು ಸುಳ್ಳು ಬರೆದಿರಲಿಲ್ಲ. ಅದನ್ನು ಹೇಳುವುದಕ್ಕೂ ಈ ಕಾಗದ. ನೀವು ಮಲಗಿದ್ದಾಗ ಅಲ್ಲಿ ತಳಗಾಳಿ ಇರಲಿಲ್ಲ. ಆಮೇಲೆ ನಾವೇ ಕೊರೆದೆವು, ಬಾವಿಯ ಮೇಲೆ ಬಾವಿ. ಒಳಗಿನ ದಾರಿಗಳು ಬದಲಾದವು. ನೆಲ ಬದಲಾಯಿತು, ಸಾಲು ಹಾಗೇ ಉಳಿಯಿತು. ಕನ್ನಡ ಬಾರದವರು ಎಷ್ಟೋ ಜನ ಅದೇ ಬಂಡೆಯ ಹತ್ತಿರ ನಿಂತಿರಬೇಕು. ಅವರು ಎಂದಿನಂತೆ ದೀಪ ಇಳಿಸಿ, ಆರಿದ್ದು ಕಂಡು, ಹೋಗಿರಬೇಕು.

ಬಾರ್ಲಿ ಬೆಂದ ಮೇಲೆ ಕೂಗಿದೆ. ಎರಡನೆಯ ಸಲ ಕೂಗುವಾಗಲೇ ನನಗೆ ತಿಳಿದಿತ್ತು. ತಗ್ಗಿನ ಅಂಚಿನಲ್ಲಿ ನಿಂತು ದೀಪ ಇಳಿಸಿದೆ. ಅವನ ಎದೆಯ ಮಟ್ಟಕ್ಕೆ ಬರುವ ಮೊದಲೇ ಆರಿತು. ಅವನು ಮಗ್ಗುಲಾಗಿ, ಕೈಯನ್ನು ಕೆನ್ನೆಯ ಕೆಳಗಿಟ್ಟು ಮಲಗಿದ್ದ. ಒಳ್ಳೆಯ ನಿದ್ದೆಯ ಹಾಗೆಯೇ ಇತ್ತು. ಇಳಿಯಬಾರದು ಎಂದು ಕಾಲಿಗೆ ಗೊತ್ತಿತ್ತು, ಅದು ಇಳಿಯಲಿಲ್ಲ. ಬಂಡಿಯಲ್ಲಿನ ಕೊಕ್ಕೆ ಹಗ್ಗ ಎಸೆದೆ. ಸೊಂಟದ ಪಟ್ಟಿಗೆ ಸಿಕ್ಕಿಕೊಂಡಿತು. ಎಳೆದೆ. ಭಾರದ ಮನುಷ್ಯ. ಮೇಲೆ ಬಂದಾಗಲೂ ಬೆಚ್ಚಗಿದ್ದ. ಆ ನೆಲದಿಂದ ಬಂದದ್ದು ಯಾವುದಾದರೂ ಬೆಚ್ಚಗೇ ಇರುತ್ತದೆ, ಅದಕ್ಕೆ ಏನೂ ಅರ್ಥವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂಡಿ ಓಡಿಸಿದೆ.

ನಮ್ಮ ಊರಿನ ಹಿರಿಯಳು ಛುಸ್ಕಿತ್. ನಾವೆಲ್ಲ ಅವಳನ್ನು ಅಚೆ ಎನ್ನುತ್ತೇವೆ, ಇಲ್ಲಿಯ ಭಾಷೆಯಲ್ಲಿ ಅಕ್ಕ ಎಂದು. ಅವಳು ಆ ಬಂಡೆಯನ್ನು ಒಡೆಸಬೇಕೆಂದಳು. ನಾನು ಬೇಡವೆಂದೆ. ಅದನ್ನು ಓದಿ ಇನ್ನು ಯಾರೂ ಸಾಯುವುದಿಲ್ಲ, ಓದಲು ಬರುವವರೇ ಇಲ್ಲ, ಈ ಸೀಮೆಯಲ್ಲಿ ಕನ್ನಡವಿರುವ ಕಲ್ಲು ಅದೊಂದೇ ಎಂದು ವಾದಿಸಿದೆ.

"ನಿನಗೆ ಬರುತ್ತದಲ್ಲ," ಎಂದಳು ಅಚೆ.

ಅವಳ ಹೆದರಿಕೆ ಏನೆಂದು ನನಗೆ ಗೊತ್ತು. ನಿಮಗೆ ಸುಳ್ಳು ಬರೆಯಲಾರೆ. ಮನೆಯಲ್ಲಿ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಆ ಮೂರನೆಯ ಸಾಲು ಅವನ ಧ್ವನಿಯಲ್ಲಿ ಕೇಳುತ್ತದೆ. ನೆಲ ಬೆಚ್ಚಗಿದೆ. ಒಳ್ಳೆ ನಿದ್ದೆ ಬಂತು. ಈಗ ಅದನ್ನು ಬರೆದಿರುವುದು ನನ್ನೊಬ್ಬಳಿಗೇ ಎಂಬ ಹಾಗಾಗಿದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಬನ್ನಿ, ಈ ಕಣಿವೆ ನೋಡಿ, ಬಂಡಿಯಲ್ಲಿ ಮಲಗಿ, ಒಬ್ಬರ ಕಾಲು ಒಬ್ಬರು ಒತ್ತಿ. ಬಂಡೆಯ ಮೇಲೆ ಹೆಸರು ಬರೆಯಬೇಡಿ ಎಂದು ದೊಡ್ಡವರು ಬೈಯುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಬೈಯುವುದಿಲ್ಲ. ನಿಮ್ಮ ಹೆಸರು ಬರೆಯಿರಿ. ಊರಿನ ಹೆಸರು ಬರೆಯಿರಿ, ಅದನ್ನು ಮುಟ್ಟಿ ಅವನು ಪಟ್ಟ ಸಂತೋಷವನ್ನು ನಾನು ಕಳೆದುಕೊಳ್ಳಲಾರೆ. ಎರಡನೆಯ ಸಾಲು ಮುಗಿದ ಮೇಲೆ, ತಿಪ್ಪೇಶ ಮತ್ತೆ ಮೊಳೆ ಎತ್ತಿದಾಗ, ಪಲ್ಲವಿ, ನೀನು ಅವನ ಕೈ ಹಿಡಿದುಕೊ. ಊಟಕ್ಕೆ ಹೊತ್ತಾಯಿತು ಎನ್ನು. ಏನಾದರೂ ಹೇಳು.

ನಮ್ಮಲ್ಲಿ ಕೈಗೆ ಸಿಗದವರಿಗೆ, ಹಿಂದೆ ಬಾಳಿದವರಿಗೆ ಬರೆದ ಕಾಗದವನ್ನು ಬುಗ್ಗೆಗೆ ಬಿಡುತ್ತೇವೆ, ನೆಲದೊಳಗಿನ ನೀರು ಅದನ್ನು ಅವರ ಕಾಲಕ್ಕೆ ಮುಟ್ಟಿಸುತ್ತದೆ ಎಂದು ನಂಬಿಕೆ. ಇದನ್ನೂ ನಾಳೆ ಬೆಳಿಗ್ಗೆ ಬಿಟ್ಟು, ಬಂಡೆಗೆ ಹೋಗುತ್ತೇನೆ. ಉಳಿ ಸುತ್ತಿಗೆ ಕಟ್ಟಿಟ್ಟುಕೊಂಡಿದ್ದೇನೆ. ದೀಪಕ್ಕೆ ಎಣ್ಣೆಯನ್ನು ಅಚೆಯೇ ತಂದು ಹೊಯ್ದಳು, ಜೊತೆಗೆ ಬರುತ್ತೇನೆ ಎಂದಳು, ಬಾ ಎಂದಿದ್ದೇನೆ. ಮೂರನೆಯ ಸಾಲು ಅಲ್ಲೇ ಇದ್ದರೆ, ಅಂಚಿನಿಂದಲೇ ದೀಪ ಇಳಿಸಿ, ಅದು ಆರುವುದನ್ನು ಕಣ್ಣಾರೆ ನೋಡಿ, ಆ ಸಾಲನ್ನಷ್ಟೇ ಕೆತ್ತಿ ತೆಗೆಯುತ್ತೇನೆ.

ಅದು ಅಲ್ಲಿ ಇಲ್ಲದಿದ್ದರೆ ಬೇಗ ಮನೆಗೆ ಬರಬೇಕು. ಬಾರ್ಲಿ ಬೆಂದು ಎಷ್ಟು ಹೊತ್ತಾಯಿತು ಎಂದು ಗೊಣಗುತ್ತ ಒಬ್ಬ ಕಾಯುತ್ತಿರುತ್ತಾನೆ.

ಇಂತಿ,
ಓಬಳೇಶನ ಹೆಂಡತಿ ಹೊನ್ನೂರಮ್ಮ