ಲೋಟಕ್ಕೆ ಬಾರದ ಜಿನ್

ಜೂನ್ ೨೪

ಪ್ರೀತಿಯ ದೊಡ್ಡವಳೇ,

ನಿನ್ನ ಪತ್ರಕ್ಕೆ ಉತ್ತರಿಸಲು ತಡವಾಯಿತು, ಕ್ಷಮಿಸು. ಕೋಪ ಇಳಿಯದೆ ಬರೆಯಬಾರದೆಂದು ಕಾದೆ. ಪೂರ್ತಿ ಇಳಿದಿಲ್ಲ, ಬರೆಯುವಷ್ಟು ಇಳಿದಿದೆ.

ಎರಡು ವಾರದ ಹಿಂದೆ ಶನಿವಾರ ನಮ್ಮ ಮನೆಯಲ್ಲಿ ನೆರೆದಿದ್ದವರಿಗೆಲ್ಲ ಮೊದಲು ನನ್ನ ಕೃತಜ್ಞತೆಗಳು. ನಿನ್ನ ತಂಗಿ, ನಮ್ಮ ತರ್ಲೆ, ನಮ್ಮನ್ನು ಬಿಟ್ಟು ಹೋದ ಮೇಲೆ ಬಂದ ಮೊದಲ ಪ್ಲಮ್ ಕಾಲ ಇದು. ಅವಳು ವರ್ಷವರ್ಷವೂ ತನ್ನ ಪ್ಲಮ್ ಪಾನೀಯಕ್ಕೆ ಎಲ್ಲರನ್ನೂ ಕರೆಯುತ್ತಿದ್ದಂತೆಯೇ ನಾನು ಕರೆದೆ. ಅವಳ ಗೆಳತಿಯರಾಗಲಿ, ಅವಳು ಮಸೂರ ಉಜ್ಜುತ್ತಿದ್ದ ಕನ್ನಡಕದಂಗಡಿಯವರಾಗಲಿ, ಒಬ್ಬರೂ ತಪ್ಪಿಸಲಿಲ್ಲ. ಅದನ್ನು ಮರೆಯುವವನಲ್ಲ ನಾನು. ಆದರೆ ಅವರ ಅನುಕಂಪವನ್ನು ಸ್ವೀಕರಿಸಲಾರೆ. ಕಾರಣ ಕೇಳು.

ಅವಳ ಆ ಪಾನೀಯವನ್ನು ಮಾಡುವ ಬಗೆಯನ್ನು ನೀನೇ ಫೋನಿನಲ್ಲಿ ಹೇಳಿದ್ದೆ: "ಪ್ಲಮ್ ಬೇಯಿಸಿ, ಸಕ್ಕರೆ, ಕಾಮಕಸ್ತೂರಿ, ಜಿನ್, ನಿಂಬೆರಸ. ಅಷ್ಟೇ ಅಪ್ಪ, ನೀರು ಕುಡಿದಷ್ಟು ಸುಲಭ." ಒಂದು ಹನಿ ಮದ್ಯವನ್ನೂ ಮುಟ್ಟದ ನಾನು ಅದೇ ಕ್ರಮವನ್ನು ಪಾಲಿಸಿದೆ. ಬೀಜ ತೆಗೆದು ಹಣ್ಣು ಹೆಚ್ಚಿದೆ. ಕಾಮಕಸ್ತೂರಿಯ ಎಲೆಗಳನ್ನು ಅವಳಂತೆಯೇ ಅಂಗೈಗಳ ನಡುವೆ ಇಟ್ಟು ಒಂದು ಚಪ್ಪಾಳೆ ಹೊಡೆದೆ. ಜಜ್ಜಿದರೆ ಕಹಿಯಾಗುತ್ತದೆ ಎನ್ನುತ್ತಿದ್ದಳಲ್ಲ. ಬಳಿಕ ಬಾಟಲಿಯ ಜಿನ್ನನ್ನೆಲ್ಲ ಅದೇ ಪಾತ್ರೆಗೆ ಸುರಿದು, ಮುಚ್ಚಳ ತೆಗೆದಿಟ್ಟು, ರಸ ಮಂದವಾಗುವ ತನಕ ಕುದಿಸಿದೆ. ಆ ಘಮಕ್ಕೆ ನನ್ನ ಮೇಲೆ ನನಗೇ ಗೌರವ ಹುಟ್ಟಿತು. ಶೋಧಿಸಿ, ತಣಿಸಿ, ಐಸು ಸೋಡಾ ಬೆರೆಸಿ ಹಂಚಿದೆ.

"ಅವಳದೇ ಕೈರುಚಿ ಅಂಕಲ್" ಎಂದು ಗೆಳತಿಯೊಬ್ಬಳು ಕಣ್ಣೊರೆಸಿಕೊಂಡಳು. ಉಳಿದವರೂ ಹೌದೆಂದರು. ಅಂಗಡಿಯ ಯಜಮಾನರು ಒಂದು ಲೋಟಕ್ಕೇ ಹಾಡಲು ಶುರುಮಾಡುವ ಮನುಷ್ಯ. ಅಂದು ನಾಲ್ಕು ಲೋಟ ಮುಗಿಸಿ, ತಮ್ಮ ಬೆನ್ನುನೋವಿನ ವಿಚಾರವನ್ನೇ ಮಾತಾಡಿ, ನೆಟ್ಟಗೆ ನಡೆದುಕೊಂಡು ಮನೆಗೆ ಹೋದರು. ನನಗೆ ಸಂಶಯ ಬಂತು. ಸೋಮವಾರ ಅಂಗಡಿಗೇ ಹೋಗಿ ನಿಂತೆ.

"ಯಜಮಾನರೇ, ನೀವು ಕುಡಿದದ್ದರಲ್ಲಿ ಜಿನ್ ಇತ್ತೋ ಇಲ್ಲವೋ?"

"ಇತ್ತು ಸಾರ್. ಪಾತ್ರೇಲಿತ್ತು. ಲೋಟದ ತನಕ ಬರ್ಲಿಲ್ಲ."

"ಎಲ್ಲಿ ಹೋಯಿತು?"

"ನೀವೇ ಕುದಿಸಿ ಕಳಿಸಿಬಿಟ್ರಲ್ಲ. ನಿಮ್ಮ ಅಡುಗೆಮನೆ ಕಿಟಕಿ ಹತ್ರ ಕಾಗೆಗಳು ತೂರಾಡ್ತಿದ್ದಿರ್ಬೇಕು."

"ಹಾಗಾದರೆ ನಾಲ್ಕು ಲೋಟ ಯಾಕೆ ಕುಡಿದಿರಿ?"

"ನೀವು ಸುರೀತಾನೇ ಇದ್ರಿ ಸಾರ್. ಬೇಡ ಅನ್ನೋ ಧೈರ್ಯ ಬರೋಕೆ ಒಳಗೆ ಸ್ವಲ್ಪ ಜಿನ್ ಇರ್ಬೇಕಲ್ಲ?"

ಮಸೂರ ಉಜ್ಜುತ್ತಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. ಅವಳದೇ ಕೈರುಚಿ ಎಂದವರೂ ಸುಳ್ಳು ಹೇಳಿದರೇ ಎಂದು ಕೇಳಿದೆ. ಯಜಮಾನರು ಕೈಲಿದ್ದ ಮಸೂರವನ್ನು ಕೆಳಗಿಟ್ಟರು.

"ಮಗಳನ್ನ ಕಳ್ಕೊಂಡವ್ರಿಗೆ, ನೀವು ಮಾಡಿರೋದು ಕೆಮ್ಮಿನ ಔಷಧಿ ಅಂತ ಹೇಗೆ ಹೇಳೋದು ಸಾರ್?"

ನನ್ನ ಆಕ್ಷೇಪ ಇರುವುದೇ ಇಲ್ಲಿ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಬೇಕೆಂದೇ ಸೋತಾಗ ನಾನು ಬಹುಮಾನ ಹಿಂದಿರುಗಿಸಿದ್ದುಂಟು. ತರ್ಲೆ ಮಾಡುತ್ತಿದ್ದ ಪಾನೀಯಕ್ಕೆ ಅದರದೇ ಒಂದು ರುಚಿಯಿತ್ತು. ನನಗೆ ನೋವಾಗದಿರಲೆಂದು ಕಂಡಕಂಡದ್ದನ್ನೆಲ್ಲ ಅವಳದೆಂದು ಒಪ್ಪುತ್ತಾ ಹೋದರೆ, ಕೆಲವೇ ವರ್ಷಗಳಲ್ಲಿ ಅವಳದು ಎಂಬುದೇ ಉಳಿಯುವುದಿಲ್ಲ. ಅನುಕಂಪದಿಂದ ಅವಳನ್ನು ಎರಡನೆಯ ಸಲ ಕಳೆದುಕೊಳ್ಳಲು ನಾನು ಸಿದ್ಧನಿಲ್ಲ.

"ಎಲ್ಲ ಚೆನ್ನಾಗಿ ಆಯ್ತಂತಲ್ಲ ಅಪ್ಪ, ಇಷ್ಟಕ್ಕೇ ಸಾಕು. ಮುಂದಿನ ವರ್ಷದಿಂದ ಯಾರನ್ನೂ ಕರೆಯಬೇಡಿ, ನಿಮಗೆ ಕಷ್ಟ" ಎಂದು ಬರೆದಿದ್ದೀಯೆ. ಜಿನ್ ಆವಿಯಾದ ವಿಷಯವನ್ನು ಅಂದೇ ರಾತ್ರಿ ಫೋನಿನಲ್ಲಿ ನಿನಗೆ ತಿಳಿಸಿದ್ದಾಗಿ ಯಜಮಾನರು ಬಾಯಿಬಿಟ್ಟರು. ನೀನೂ ಅವರ ಪಕ್ಷ ಸೇರಿದೆಯಾ, ಮಗಳೇ?

ಇರಲಿ. ಮೊಮ್ಮಗಳಿಗೆ ಕನ್ನಡಕ ಬಂತೆಂದು ಕೊರಗಬೇಡ. ನಮ್ಮ ವಂಶದಲ್ಲಿ ಕಣ್ಣು ನೆಟ್ಟಗಿರುವವರು ಯಾರಿದ್ದಾರೆ? ಅಳಿಯಂದಿರಿಗೆ ಊಟ ತಪ್ಪಿಸಬಾರದೆಂದು ಹೇಳು. ನೀನೂ ತಪ್ಪಿಸಬೇಡ. ನಿಮ್ಮ ಮನೆಯಲ್ಲಿ ಸದಾ ಮಾತೂ ನಗುವೂ ತುಂಬಿರಲಿ.

ನಿನ್ನ
ಅಪ್ಪ

ಮತ್ತೆ: ತರ್ಲೆ ಇದ್ದಿದ್ದರೆ ಮೊದಲ ಗುಟುಕಿಗೇ "ಅಪ್ಪಾ, ಏನಿದು ಕರ್ಮ?" ಎಂದು ಲೋಟ ಕೆಳಗಿಡುತ್ತಿದ್ದಳು. ಕುದಿಸಿದ್ದೇ ಸರಿಯೆಂದು ನಾನು ವಾದಿಸುತ್ತಿದ್ದೆ, ಅವಳು ಬಿಡುತ್ತಿರಲಿಲ್ಲ. ಈಗ ನಾನು ಏನು ಹೇಳಿದರೂ ಎಲ್ಲರೂ ತಲೆಯಾಡಿಸುತ್ತಾರೆ. ಅವಳಿಲ್ಲವೆಂಬುದು ನನಗೆ ಚುಚ್ಚುವುದು ಖಾಲಿ ಕುರ್ಚಿಯನ್ನು ಕಂಡಾಗಲ್ಲ, ಆ ತಲೆಗಳು ಆಡಿದಾಗ. ಆದ್ದರಿಂದ ತೀರ್ಮಾನಿಸಿದ್ದೇನೆ. ಹಣ್ಣು ಮುಗಿಯುವ ಮೊದಲು, ಬರುವ ಶನಿವಾರವೇ, ಮತ್ತೆ ಮಾಡುತ್ತೇನೆ. ಮುಂದೆಯೂ ವರ್ಷವರ್ಷ ಮಾಡುತ್ತೇನೆ. ಜಿನ್ ಬೀಳುವುದು ರಸ ತಣ್ಣಗಾದ ಮೇಲೆ. ಸುಳ್ಳು ಹೊಗಳಿದವರಿಗೆ ಎರಡನೆಯ ಲೋಟವಿಲ್ಲ. ಮೊದಲ ಲೋಟವನ್ನು ನಾನೇ ಕುಡಿಯುತ್ತೇನೆ. ಈ ಬಗ್ಗೆ ಯಾರ ಅಭಿಪ್ರಾಯವನ್ನೂ ಕೇಳಿಲ್ಲ.