ಬಸ್ ನಿಲ್ದಾಣದಲ್ಲಿ ಕಂಡ ಸೆರಗು

ಕೊಳ್ಳೇಗಾಲ
೧೨-೨-೨೦೨೫

ಮಗಳು ಶಿವರತ್ನಮ್ಮನಿಗೆ ಅಪ್ಪನ ಆಶೀರ್ವಾದ.

ಸಂಕ್ರಾಂತಿಗೇ ಬರೆಯಬೇಕಿತ್ತು, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಮನೆಯವರೆಲ್ಲ ಕೂತು ಕೇಳುತ್ತಾರೆ. ಅದಕ್ಕೇ ಈ ಕಾಗದವನ್ನು ನೀನು ಕೆಲಸ ಮಾಡುವ ಮಾಂಬಳ್ಳಿ ಅಂಗನವಾಡಿಗೆ ಹಾಕುತ್ತಿದ್ದೇನೆ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ಮಗ್ಗ ನಡೆಯುತ್ತಿದೆ.

ಹೋದ ವಾರ ನನ್ನನ್ನು ಪೊಲೀಸರು ಕರೆದೊಯ್ದ ಸುದ್ದಿ ನಿನಗೆ ಮುಟ್ಟಿರಬಹುದು, ಉಪ್ಪು ಖಾರ ಸೇರಿಸಿಕೊಂಡೇ ಮುಟ್ಟಿರುತ್ತದೆ. ನಡೆದದ್ದು ಇಷ್ಟು. ಹನೂರು ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳ ರೇಷ್ಮೆ ಸೆರಗು ಕಣ್ಣಿಗೆ ಬಿತ್ತು. ಹಿಂದಿನಿಂದ ಹೋಗಿ ಫೋನಿನಲ್ಲಿ ಫೋಟೊ ತೆಗೆದೆ. ಅವಳು ತಿರುಗಿ ನೋಡಿ ಕೂಗಿಕೊಂಡಳು. ಜನ ಸೇರಿದರು. ಪೇದೆ ಮಂಟೇಸ್ವಾಮಿ ಇಬ್ಬರನ್ನೂ ಠಾಣೆಗೆ ಕರೆದೊಯ್ದ.

“ಏನ್ ಯಜಮಾನ್ರೆ, ಈ ವಯಸ್ನಲ್ಲಿ ಎಣ್ಮಕ್ಕಳ ಫೋಟೊ ತಗೀತೀರಾ?”

“ಎಣ್ಮಕ್ಕಳದಲ್ಲ ಸಾ, ಸೀರೆದು. ನಾನು ನೇಯೋನು.”

“ಸೀರೆ ಒಂದೇ ನಿಂತ್ಕಂಡು ಬಸ್ ಕಾಯ್ತಿತ್ತಾ?”

ಅಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. “ನಗ್ಬೇಡಿ ಸಾ, ನಾಳೆ ನನ್ ಫೋಟೊ ಎಲ್ಲೆಲ್ಲಿ ಓಯ್ತದೋ ಯಾರ್ಗೊತ್ತು?” ಎಂದಳು. ನನಗೆ ನಾಚಿಕೆಯಾದದ್ದು ಆಗ. ನನ್ನ ಮನಸ್ಸಿನಲ್ಲಿರುವುದು ಅವಳಿಗೆ ಹೇಗೆ ಕಾಣಬೇಕು? ಅವಳ ಜಾಗದಲ್ಲಿ ನೀನಿದ್ದಿದ್ದರೆ ನಾನೇ ಪೊಲೀಸರನ್ನು ಕರೆಯುತ್ತಿದ್ದೆ. ಕೈಮುಗಿದು ತಪ್ಪಾಯಿತು ಎಂದೆ.

ಮಂಟೇಸ್ವಾಮಿ ಫೋನು ತಡಕಿದ. ಮಗ್ಗ, ಜರಿ, ಸೀರೆ, ಮತ್ತೆ ಸೀರೆ. ನಡುವೆ ನಿನ್ನ ಮದುವೆಯ ಫೋಟೊ ಬಂತು. ನಾನು ಕಣ್ಣು ಕೆಳಗೆ ಹಾಕಿದೆ. ಅವನು ಬೆರಳಿನಲ್ಲಿ ಸರಿಸಿ ಮುಂದೆ ಹೋದ.

“ನಿಜ ಏಳಿ, ಯಾಕ್ ತಗುದ್ರಿ?”

“ಡಿಸೈನು ಚೆಂದಾಗಿತ್ತು ಸಾ.”

ಫೋಟೊ ಅಳಿಸಿದ. ಇನ್ನು ಹೀಗೆ ಮಾಡುವುದಿಲ್ಲವೆಂದು ಬರೆಸಿಕೊಂಡು ಕಳಿಸಿದ. ನಮ್ಮ ಬೀದಿಯಲ್ಲಿ ಕೆಲವರು ಈಗಲೂ ನನ್ನನ್ನು ಕಂಡು ಮುಸಿನಗುತ್ತಾರೆ. ಹೋಟೆಲಿನ ಬೆಂಚಿನಲ್ಲಿ ಪಕ್ಕಕ್ಕೆ ಸರಿಯುತ್ತಾರೆ. ಸರಿಯಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ನೀನು ಉಂಡು ಉಟ್ಟು ಸುಖವಾಗಿರು.

ನಿನ್ನ ಅಪ್ಪ,
ಸದಾಶಿವಪ್ಪ

ತಾ.ಕ.: ಠಾಣೆಯಲ್ಲಿ ಹೇಳದ್ದನ್ನು ನಿನಗೆ ಹೇಳುತ್ತೇನೆ. ಆ ಸೆರಗಿನ ನವಿಲುಗಳಲ್ಲಿ ಒಂದು ಮಾತ್ರ ಹಿಂದಕ್ಕೆ ತಿರುಗಿತ್ತು. ನೀನು ಹಟ ಹಿಡಿದು ನನ್ನಿಂದ ನೇಯಿಸಿಕೊಂಡ ನವಿಲು. ಅದು ನಿನ್ನ ಧಾರೆ ಸೀರೆ, ಮಗಳೇ. ನನ್ನ ಕಣ್ಣೇ ಸುಳ್ಳಾಗಲಿ, ಮನೆಗೆ ಹೋಗಿ ಮದುವೆ ಫೋಟೊ ಜೊತೆ ಇಟ್ಟು ನೋಡೋಣವೆಂದು ತೆಗೆದೆ. ಬಾಯಿಬಿಟ್ಟಿದ್ದರೆ ನಿನ್ನ ಹೆಸರನ್ನೂ ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದರು. ನೀನೇ ಮನಸಾರೆ ಕೊಟ್ಟಿದ್ದರೆ ನನಗೆ ಬೇಸರವಿಲ್ಲ. ನಿನ್ನ ಗಂಡನ ಮನೆಯವರು ಕಿತ್ತುಕೊಂಡಿದ್ದರೆ ಸೀರೆ ಹೋಗಲಿ, ನೀನು ಯಾರನ್ನೂ ಕೇಳದೆ ಹೊರಟು ಬಾ.