ಸದ್ದಿಲ್ಲದೆ ಆಡಿದ ಆಟ

ಮಾರ್ಚ್ ೧೪, ಮಧ್ಯಾಹ್ನ

ನನ್ನ ಗೂಬೆಗೆ,

ಹೇಗಿದ್ದೀಯೇ? ನನ್ನ ಅಮ್ಮ ನಿನಗಿಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಏಳು ವರ್ಷ ಸುಮ್ಮನಿದ್ದು ಈಗ ಕ್ಷೇಮ ವಿಚಾರಿಸಲು ಬಂದವಳನ್ನು ಎಷ್ಟು ಬೈಯಬೇಕೋ ಅಷ್ಟು ಬೈದುಕೋ, ಕಾಗದವನ್ನು ಮಾತ್ರ ಹರಿಯಬೇಡ. ಬರೆಯಲು ಕೂತು ನಾಲ್ಕು ಸಲ ಕೈಬಿಟ್ಟಿದ್ದೇನೆ. ನಿನಗೊಬ್ಬಳು ಮಗಳಿದ್ದಾಳಂತೆ, ನೀನೀಗ ಲಿಫ್ಟ್ ಕಂಪನಿಯಲ್ಲಿದ್ದೀಯಂತೆ, 'ಮೂರನೇ ಮಹಡಿ' ಎನ್ನುವ ದನಿಗಳನ್ನು ಜೋಡಿಸುತ್ತೀಯಂತೆ, ವಿಡಿಯೋ ಗೇಮ್ ಮಾಡುವುದನ್ನು ಬಿಟ್ಟೇಬಿಟ್ಟೆಯಂತೆ. ನಿನ್ನ ಅಣ್ಣ ಸಿಕ್ಕಾಗ ನಗುತ್ತಲೇ ಹೇಳಿದ, ಆದರೆ ನನ್ನ ಮುಖ ನೋಡಲಿಲ್ಲ.

ನನ್ನದು ಅದೇ ವಾರಪತ್ರಿಕೆ, ಜೆರಾಕ್ಸ್ ಮಷೀನಿನ ಪಕ್ಕದ ಅದೇ ಮೇಜು, ಗೇಮ್ ಆಡಿ ಅಂಕ ಕೊಡುವ ಅದೇ ಕೆಲಸ. ಕನ್ನಡಕದ ನಂಬರ್ ಏರಿದೆ, ನಾಲಗೆಯ ಉದ್ದ ಕಡಿಮೆಯಾಗಿದೆ. ಹೋದ ತಿಂಗಳು ಸಂಪಾದಕರು, "ಆಗ ಯಾರೂ ಕಣ್ಣೆತ್ತಿ ನೋಡದ, ಆದ್ರೆ ನಿಜವಾಗ್ಲೂ ಚೆನ್ನಾಗಿದ್ದ ಹತ್ತು ಗೇಮ್‌ಗಳ ಪಟ್ಟಿ ಮಾಡಿ" ಎಂದರು. ಪಕ್ಕದ ಮೇಜಿನಲ್ಲಿ ಚಿತ್ರ ಬರೆಯುವವಳು ತಟ್ಟನೆ ನಿನ್ನ ಆಟದ ಹೆಸರು ಹೇಳಿದಳು.

"ಅದಾ? ಬರೀ ಕತ್ಲು ಕಣೇ. ಗೋಡೆಗೆ ಗುದ್ದಿಕೊಂಡು ಗುದ್ದಿಕೊಂಡು ಸಾಕಾಯ್ತು" ಎಂದೆ.

"ಸೌಂಡ್ ಇಟ್ಕೊಂಡು ಆಡಿದ್ರಾ ಮೇಡಂ?"

ಅವಳು ಕೇಳಿದ್ದು ಅಷ್ಟೇ.

ಇಲ್ಲ ಕಣೇ, ಇಟ್ಟುಕೊಂಡಿರಲಿಲ್ಲ. ವಿಮರ್ಶೆಗೆಂದು ಆಡಿದ ಅವತ್ತು ಒಂದೇ ದಿನ ಮೂರು ಗೇಮ್ ಮುಗಿಸಬೇಕಿತ್ತು. ಮೇಲಿನ ಮಹಡಿಯಲ್ಲಿ ಡ್ರಿಲ್ಲಿಂಗ್, ನನ್ನ ಹೆಡ್‌ಫೋನಿನ ಒಂದು ಕಡೆ ಕೆಟ್ಟಿತ್ತು. ನಿನ್ನ ಗೇಮಿನ ಡಬ್ಬಿಯೊಳಗೆ 'ಕಿವಿಗೊಟ್ಟು ಆಡೇ, ಬಾಯಿಬಡುಕಿ' ಎಂದು ನೀನು ಚೀಟಿ ಇಟ್ಟಿದ್ದೆ. ತಮಾಷೆ ಎಂದುಕೊಂಡೆ. ಸದ್ದು ಪೂರ್ತಿ ಇಳಿಸಿ ನಲವತ್ತು ನಿಮಿಷ ಆಡಿ, ಹತ್ತಕ್ಕೆ ಮೂರು ಎಂದು ಹಾಕಿದೆ. ಗೆಳತಿಯ ಪರ ವಹಿಸಿದಳು ಎಂದು ಯಾರೂ ಆಡಿಕೊಳ್ಳಬಾರದಲ್ಲ, ಅದರಲ್ಲೂ ಒಂದು ಕಳೆದೆ. 'ತಡಕಾಡಿಸುವುದನ್ನೇ ಆಟವೆಂದು ನಂಬಿದ್ದಾರೆ' ಎಂದು ಬರೆದೆ. ಬೇರೆ ಪತ್ರಿಕೆಯವರೂ ಅದೇ ಸಾಲನ್ನು ಎತ್ತಿಕೊಂಡರು. ನಿನ್ನ ಎರಡು ಕೋಣೆಯ ಆಫೀಸಿಗೆ ಬೀಗ ಬಿತ್ತು.

ಈ ಸಲ ಆ ಚಿತ್ರ ಬರೆಯುವವಳ ಹೆಡ್‌ಫೋನ್ ಇಸಿದುಕೊಂಡು ಆಡಿದೆ. ಕತ್ತಲ ಮನೆ. ನಲ್ಲಿ ತೊಟ್ಟಿಕ್ಕುವ ಸದ್ದು ಹಿಡಿದು ಹೋದರೆ ಅಡುಗೆಮನೆ, ಗಡಿಯಾರದ ಸದ್ದು ಹಿಡಿದರೆ ನಡುಮನೆ. ಎಂಥ ಆಟ ಮಾಡಿದ್ದೆಯೇ! ಇಷ್ಟು ವರ್ಷದಲ್ಲಿ ಇಂಥದ್ದನ್ನು ನಾನು ಆಡಿಯೇ ಇಲ್ಲ. ದಾರಿ ತಪ್ಪಿ ನಿಂತಾಗಲೆಲ್ಲ ಒಳಗಿನಿಂದ ಒಬ್ಬ ಹೆಂಗಸು ಕರೆಯುತ್ತಾಳೆ.

"ಎಲ್ಲಿ ಹಾಳಾಗಿ ಹೋದ್ರೇ ಇಬ್ರೂ? ಕತ್ಲಾಯ್ತು, ಒಳಗೆ ಬನ್ರೇ!"

ನನ್ನ ಅಮ್ಮ. ನಾವಿಬ್ಬರೂ ಬೀದಿಯಲ್ಲಿ ಆಡುತ್ತಿದ್ದಾಗ ಮೆಟ್ಟಿಲ ಮೇಲೆ ನಿಂತು ಕರೆಯುತ್ತಿದ್ದ ಅದೇ ದನಿ, ನಡುವೆ ಕೊನೆಯ ವರ್ಷದ ಆ ಕೆಮ್ಮು. ಅದನ್ನೂ ನೀನು ಕತ್ತರಿಸಿಲ್ಲ. ಕೊನೆಯ ಬಾಗಿಲು ದಾಟಿದ ಮೇಲೆ ಪರದೆಯಲ್ಲಿ 'ಕರೆದವರು: ಬಾಯಿಬಡುಕಿಯ ಅಮ್ಮ' ಎಂದು ಬಂತು. ಹಾಸಿಗೆ ಹಿಡಿದವಳನ್ನು ನೋಡುವ ನೆಪದಲ್ಲಿ ನೀನು ಬಂದು ಹೋಗುತ್ತಿದ್ದದ್ದು ಈ ದನಿ ರೆಕಾರ್ಡ್ ಮಾಡಿಕೊಳ್ಳಲಿಕ್ಕೇ ಏನೇ? ಇಬ್ಬರೂ ಸೇರಿ ನನ್ನಿಂದ ಗುಟ್ಟು ಮಾಡಿದ್ದಿರಿ. ಆಮೇಲೂ ನೀನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಪಟ್ಟಿಯಲ್ಲಿ ನಿನ್ನ ಆಟವೇ ಮೊದಲನೆಯದು. ನಾನು ಅದನ್ನು ಹೇಗೆ ಆಡಿದೆ ಎಂಬುದನ್ನೂ ಅಚ್ಚು ಹಾಕಿಸಿದ್ದೇನೆ. ಜನ ನಿನ್ನನ್ನು ಹೊಗಳಿ ಬರೆಯುತ್ತಿದ್ದಾರೆ. ಅದರಿಂದ ಯಾರಿಗೆ ಏನು ಬಂತು? ನಿನ್ನ ಏಳು ವರ್ಷ ಬರುವುದಿಲ್ಲ. ಯಾವ ಮುಖ ಇಟ್ಟುಕೊಂಡು ಕ್ಷಮಿಸು ಎನ್ನಲಿ? ಉತ್ತರವೂ ಬೇಡ.

ನಿನ್ನ ಮಗಳಿಗೆ ನಿನ್ನ ಕಿವಿಯೇ ಬರಲಿ, ನನ್ನಂಥ ಗೆಳತಿ ಮಾತ್ರ ಅವಳಿಗೆ ಸಿಗದಿರಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನನ್ನ ವಿಮರ್ಶೆ ಅಚ್ಚಾದ ದಿನ ಅಮ್ಮ, "ಗೂಬೆ ಮಾಡಿದ ಆಟ ಆಡಿದ್ಯಾ?" ಎಂದು ಕೇಳಿದಳು. "ಆಡ್ದೆ. ಏನೂ ಇಲ್ಲ ಅದ್ರಲ್ಲಿ" ಎಂದೆ. "ಪೂರ್ತಿ ಆಡಿದ್ಯೇನೇ? ಕೊನೇತನಕ?" ಎಂದಳು. ಅರ್ಧಕ್ಕೇ ಬಿಟ್ಟು ಬರೆದೆ ಎನ್ನಲು ನಾಚಿಕೆಯಾಯಿತು. "ಹೂಂ ಅಮ್ಮ, ಕೊನೇತನಕ" ಎಂದೆ. "ಸರಿ ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಹತ್ತೊಂಬತ್ತು ದಿನ ಇದ್ದಳು. ಆ ಆಟದ ಮಾತನ್ನು ಮತ್ತೆ ಎತ್ತಲಿಲ್ಲ.